ಮೆನನ್ ಅವರ ನಿಜವಾದ ಸಾಧನೆ ಯಾವುದು?

ಕಾನೂನು ಶಿಕ್ಷಣ ತಜ್ಞ ಎನ್.ಆರ್. ಮಾಧವ ಮೆನನ್ ಅವರ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಅವರು ಸ್ಥಾಪಕ ಮುಖ್ಯಸ್ಥರಾಗಿದ್ದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯ, ಭೋಪಾಲದ ನ್ಯಾಯಾಂಗ ಅಕಾಡೆಮಿ, ಪದ್ಮಶ್ರೀ ಎಂದು ಪಟ್ಟಿ ಕೊಟ್ಟಿದ್ದೀರಿ. ಸರಿ. ಆದರೆ ಅವರ ದೊಡ್ಡ ಕೆಲಸ ಹುದ್ದೆಗಳಲ್ಲಿಲ್ಲ. ಬೆಂಗಳೂರಿನಲ್ಲಿ 1988ರಲ್ಲಿ ಐದು ವರ್ಷದ ಕಾನೂನು ಪದವಿಯ ಮೊದಲ ತಂಡ ಸೇರಿತು. ಕಾನೂನು ನೆರವು ಕೇಂದ್ರದಲ್ಲಿ ಕಕ್ಷಿದಾರನ ಎದುರು ಕುಳಿತು, ಅವನ ಮಾತು ಕೇಳಿ, ಅರ್ಜಿ ಬರೆದೇ ವಿದ್ಯಾರ್ಥಿ ಕಾನೂನು ಕಲಿಯಬೇಕು ಎಂಬುದು ಅವರ ಹಟ. ಲೇಖನದಲ್ಲಿ ಇದಕ್ಕೆ ಒಂದೇ ಸಾಲು!

ನಾನು ದಾವಣಗೆರೆಯಲ್ಲಿ ವಕೀಲ. ಕಾಲೇಜಿನಲ್ಲಿ ನಮಗೆ ಸಿಕ್ಕಿದ್ದು ನೋಟ್ಸ್ ಮಾತ್ರ. ವಕಾಲತ್ತು, ಅಂದರೆ ಕಕ್ಷಿದಾರ ವಕೀಲನಿಗೆ ಕೊಡುವ ಅಧಿಕಾರಪತ್ರ, ತುಂಬುವುದನ್ನು ಕಲಿಸಿದವರು ಹಿರಿಯ ವಕೀಲರ ಗುಮಾಸ್ತರು. ಈಗ ಪ್ರಾಯೋಗಿಕ ಪತ್ರಿಕೆಗಳು ಪಠ್ಯದಲ್ಲಿವೆ, ಆದರೂ ನನ್ನ ಬಳಿ ಬರುವ ಕಿರಿಯರಲ್ಲಿ ಹೆಚ್ಚಿನವರು ರೆಕಾರ್ಡ್ ಪುಸ್ತಕ ನಕಲು ಮಾಡಿಯೇ ಅವನ್ನು ದಾಟಿದ್ದಾರೆ. ಜಗಳೂರಿನಿಂದ ಪಹಣಿ ಹಿಡಿದು ಬರುವ ರೈತನಿಗೆ ಬೇಕಾದ ವಕೀಲ ಹೀಗೆ ತಯಾರಾಗುವುದಿಲ್ಲ. ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲೇ ನಡೆಯುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಆ ದಾರಿಯೂ ಕಠಿಣ. ಮೆನನ್ ಕಲಿಸಿದ ಕ್ರಮವನ್ನು ಜಿಲ್ಲೆಯ ಕಾಲೇಜುಗಳಿಗೆ ತರುವುದು ಹೇಗೆ ಎಂದು ಮುಂದಿನ ಲೇಖನದಲ್ಲಿ ದಯವಿಟ್ಟು ಬರೆಯಿರಿ.