ನಾಯಿ ಯಾಕೆ ಕೆರೆದುಕೊಳ್ಳಲಿಲ್ಲ?

ಮೊನ್ನೆ ನಾಯಿಯ ಕಿವಿ ಸವರುವಾಗ ಬೆರಳಿಗೆ ಏನೋ ಗುಂಡಗೆ ಸಿಕ್ಕಿತು. ನರಹುಲಿ ಇರಬೇಕು ಅಂದುಕೊಂಡೆ. ಕೂದಲು ಬಿಡಿಸಿ ನೋಡಿದರೆ ಉಣ್ಣಿ. ಹರಳು ಬೀಜದ ಹಾಗೆ ಊದಿಕೊಂಡು ಬೂದು ಬಣ್ಣಕ್ಕೆ ತಿರುಗಿತ್ತು. (ಈ ಹೋಲಿಕೆ ನನ್ನದೇನಲ್ಲ. ಲ್ಯಾಟಿನ್‌ನಲ್ಲಿ ಉಣ್ಣಿಗೆ 'ರಿಸಿನಸ್' ಅನ್ನುತ್ತಾರೆ, ಹರಳು ಗಿಡಕ್ಕೂ ಅದೇ ಹೆಸರು ಬಂದಿದ್ದು ಬೀಜದ ರೂಪ ನೋಡಿಯೇ.) ಅಷ್ಟು ಊದಬೇಕಾದರೆ ಅದು ಅಲ್ಲಿ ಕೆಲವು ದಿನ ಕೂತಿರಲೇಬೇಕು. ಅಷ್ಟು ದಿನದಲ್ಲಿ ನಾಯಿ ಒಂದು ಸಲವೂ ಆ ಕಿವಿ ಕೆರೆದುಕೊಂಡಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಸೊಳ್ಳೆ ಕೂತರೆ ಸಾಕು, ಪಟಪಟ ಕಿವಿ ಬಡಿಯುವ ಪ್ರಾಣಿ ಇದು!

ಫೋಟೊ ತೆಗೆದು ಗೆಳೆಯರಿಗೆ ಕಳಿಸಿದೆ. ಒಬ್ಬ ಬರೆದ: "ಅದು ಬರೀ ವಾಹಕ ಮಾರಾಯ, ರೋಗ ತರೋದು ಬ್ಯಾಕ್ಟೀರಿಯಾ. ಪಾಪ ಉಣ್ಣಿಯನ್ನು ಯಾಕೆ ಬೈತೀಯ?"

ನನ್ನ ತಕರಾರು ಇರುವುದು ಈ 'ಬರೀ ವಾಹಕ' ಅನ್ನುವ ಮಾತಿನ ಬಗ್ಗೆ. ಪಠ್ಯಪುಸ್ತಕದಲ್ಲೂ ಅದೇ, ಆರೋಗ್ಯದ ಕರಪತ್ರದಲ್ಲೂ ಅದೇ. ಮೂಟೆ ಹೊರುವ ಹಮಾಲಿಗೆ ಒಳಗೆ ಅಕ್ಕಿ ಇದ್ದರೇನು, ಸಿಮೆಂಟ್ ಇದ್ದರೇನು? ಇಲ್ಲಿ ಇಳಿಸು ಅಂದಲ್ಲಿ ಇಳಿಸಿ ಹೋಗುತ್ತಾನೆ. ಉಣ್ಣಿ ಹಾಗಲ್ಲ. ಮೂಟೆ ಯಾವಾಗ ಇಳಿಯಬೇಕು, ಯಾರ ಮನೆಯಲ್ಲಿ ಇಳಿಯಬೇಕು, ಇಳಿಯುವಾಗ ಮನೆಯವರು ಎಚ್ಚರವಾಗದಂತೆ ಏನು ಮಾಡಬೇಕು, ಎಲ್ಲದರಲ್ಲೂ ಅದರ ಕೈ ಇದೆ.

ಎಂಜಲಿನಿಂದಲೇ ಶುರು ಮಾಡೋಣ. ಸೊಳ್ಳೆಯದು ನಿಮಿಷಗಳ ಕೆಲಸ. ಗಟ್ಟಿ ಚಿಪ್ಪಿನ ಉಣ್ಣಿ ದಿನಗಟ್ಟಲೆ ಕೂರಬೇಕು, ಅಷ್ಟು ಹೊತ್ತು ಆತಿಥೇಯ ಪ್ರಾಣಿಗೆ ಗೊತ್ತಾಗಲೂ ಬಾರದು. ಮುಳ್ಳು ಮುಳ್ಳಾದ ಬಾಯನ್ನು ಚರ್ಮಕ್ಕೆ ಚುಚ್ಚಿ, ಹಲವು ಜಾತಿಗಳು ಅದರ ಸುತ್ತ ಗಾರೆಯಂಥ ಅಂಟನ್ನೂ ಸುರಿದುಕೊಳ್ಳುತ್ತವೆ. ಆಮೇಲೆ ಎಂಜಲು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನು, ತುರಿಕೆ ಹುಟ್ಟಿಸುವ ಹಿಸ್ಟಮಿನ್ ಅನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನು, ಬಿಳಿ ರಕ್ತಕಣಗಳನ್ನು ಮಂಕಾಗಿಸುವ ಪ್ರೋಟೀನು, ಒಂದೇ ಎರಡೇ. ಇದರ ಮೇಲೆ ಇನ್ನೊಂದು ಕೆಲಸವಿದೆ, ಓದಿದಾಗ ನನಗೆ ವಾಕರಿಕೆಯೇ ಬಂತು: ಹೀರಿದ ರಕ್ತದಲ್ಲಿನ ನೀರಿನ ಬಹುಪಾಲನ್ನು ಅದು ಎಂಜಲಿನ ಮೂಲಕ ಅದೇ ಗಾಯಕ್ಕೆ ವಾಪಸ್ ಉಗುಳುತ್ತದೆ. ಗಟ್ಟಿ ಸಾರ ಹೊಟ್ಟೆಯಲ್ಲಿ ಉಳಿಯುತ್ತದೆ. ಅಂದರೆ ಹೀರು, ಉಗುಳು, ಹೀರು, ಉಗುಳು, ಇದೇ ಅದರ ಊಟದ ಕ್ರಮ. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಎಲ್ಲಿ ಸಿಗಬೇಕು!

ಉಣ್ಣಿ ಕಚ್ಚಿ ಬರುವ ಲೈಮ್ ರೋಗದ ಬ್ಯಾಕ್ಟೀರಿಯಾ ಬೊರೇಲಿಯಾವನ್ನು ನೋಡಿ. ಪೂರ್ತಿ ಹೆಸರು ಬೊರೇಲಿಯಾ ಬರ್ಗ್‌ಡಾರ್ಫೆರಿ, 1982ರಲ್ಲಿ ಇದನ್ನು ಲೋಕಕ್ಕೆ ತೋರಿಸಿದ ವಿಜ್ಞಾನಿ ವಿಲ್ಲಿ ಬರ್ಗ್‌ಡಾರ್ಫರ್ ಅವರ ಹೆಸರೇ ಇದಕ್ಕಿದೆ. ಉಣ್ಣಿಯ ಮರಿ ಮೊಟ್ಟೆಯೊಡೆದು ಬರುವಾಗ ಆರು ಕಾಲಿನದು, ಈ ರೋಗಾಣು ಅದರಲ್ಲಿ ಇರುವುದಿಲ್ಲ. ಇಲಿಯಂಥ ಯಾವುದೋ ಪ್ರಾಣಿಯಿಂದ ಮೊದಲ ಊಟದಲ್ಲಿ ಅದನ್ನು ಪಡೆಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಉಪವಾಸ. ಅಷ್ಟೂ ಕಾಲ ಬ್ಯಾಕ್ಟೀರಿಯಾ ಉಣ್ಣಿಯ ಕರುಳಿಗೆ ಅಂಟಿಕೊಂಡು ಕಾಯುತ್ತದೆ. ಅಂಟಿಕೊಳ್ಳಲು ಅದರ ಮೈಮೇಲೆ ಒಎಸ್‌ಪಿ-ಎ ಅನ್ನುವ ಪ್ರೋಟೀನಿನ ಹೊದಿಕೆ. ಎರಡನೇ ಊಟದ ಬಿಸಿ ರಕ್ತ ಇಳಿದಾಗ ಈ ಹೊದಿಕೆ ಕಳಚಿ ಒಎಸ್‌ಪಿ-ಸಿ ತೊಟ್ಟು, ಕರುಳಿನ ಗೋಡೆ ದಾಟಿ ಎಂಜಲ ಗ್ರಂಥಿಗೆ ಹೊರಡುತ್ತದೆ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚೇ ಬೇಕು. ದಿನಾ ಮೈ ತಡಕಿ ಉಣ್ಣಿ ಕೀಳಿ ಅಂತ ವೈದ್ಯರು ಹೇಳುವುದರ ಹಿಂದಿರುವುದು ಈ ಲೆಕ್ಕ. ಎಲ್ಲ ಉಣ್ಣಿಗೂ ಈ ಲೆಕ್ಕ ಹಿಡಿಯಬೇಡಿ. ಮೆತ್ತನೆ ಚರ್ಮದ ಉಣ್ಣಿಗಳ ಊಟ ನಿಮಿಷಗಳದ್ದು. ಅವು ಹರಡುವ ಮರುಕಳಿಸುವ ಜ್ವರದ ಬೊರೇಲಿಯಾ ಮೊದಲೇ ಎಂಜಲ ಗ್ರಂಥಿಯಲ್ಲಿ ಕೂತು ಕಾಯುತ್ತಿರುತ್ತದೆ. ಕಾಂಗೋದಲ್ಲಿ ಈ ಜ್ವರದ ಬೆನ್ನು ಹತ್ತಿದ್ದ ವೈದ್ಯ ಜೋಸೆಫ್ ಡಟನ್ 1905ರಲ್ಲಿ ಅದೇ ಜ್ವರಕ್ಕೆ ಬಲಿಯಾದರು.

ನನ್ನ ಗೆಳೆಯನಿಗೆ ಮುಖ್ಯವಾಗಿ ತೋರಿಸಬೇಕಾದ್ದು ಇದು. ಉಣ್ಣಿಯ ಎಂಜಲಲ್ಲಿ ಸಾಲ್ಪ್-15 ಅನ್ನುವ ಪ್ರೋಟೀನು ಇದೆ. ರೋಗದ ವಿರುದ್ಧ ಹೋರಾಡುವ ನಮ್ಮ ಟಿ-ಕಣಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ತಣ್ಣಗಾಗಿಸುವುದು ಉಣ್ಣಿಗೆ ಅದರಿಂದ ಆಗುವ ಉಪಯೋಗ. ಬೊರೇಲಿಯಾ ಹೊಸದಾಗಿ ತೊಟ್ಟ ಒಎಸ್‌ಪಿ-ಸಿ ಇದೇ ಸಾಲ್ಪ್-15 ಅನ್ನು ಮೈಗೆ ಬಳಿದುಕೊಳ್ಳುತ್ತದೆ, ಆಗ ಪ್ರತಿಕಾಯಗಳಿಗೆ ಅದನ್ನು ಕೊಲ್ಲುವುದು ಕಷ್ಟ. 2005ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಬೊರೇಲಿಯಾ ಹೊಕ್ಕ ಉಣ್ಣಿಯಲ್ಲಿ ಈ ಪ್ರೋಟೀನು ಹೆಚ್ಚಾಗಿಯೇ ತಯಾರಾಗುತ್ತದೆ. ಇದನ್ನು ಹೊರೆ ಹೊರುವುದು ಅನ್ನುತ್ತೀರೋ, ಕಂಬಳಿ ಹೊದಿಸಿ ಕಳಿಸುವುದು ಅನ್ನುತ್ತೀರೋ?

ಬಾಡಿಗೆಯೂ ಸಲ್ಲುತ್ತದಂತೆ. ಅನಾಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಒಳಗಿರುವ ಉಣ್ಣಿಗಳು ಕೊರೆಯುವ ಚಳಿಯಲ್ಲಿ ಹೆಚ್ಚು ಬದುಕುಳಿಯುತ್ತವೆ. ಮೈಯ ದ್ರವ ಹಿಮಗಟ್ಟದಂತೆ ತಡೆಯುವ ಪ್ರೋಟೀನನ್ನು ಉಣ್ಣಿ ಹೆಚ್ಚು ತಯಾರಿಸುವಂತೆ ಆ ಬ್ಯಾಕ್ಟೀರಿಯಾ ಮಾಡುತ್ತದೆ ಅಂತ 2010ರಲ್ಲಿ ಗೊತ್ತಾಯಿತು.

ಇಷ್ಟು ಓದಿದ ಮೇಲೆ ಉಣ್ಣಿಯನ್ನು 'ಪಾಲುದಾರ' ಅಂತ ಬರೆಯಲು ಕೂತಿದ್ದೆ. ಅದೂ ಪೂರ್ತಿ ಸರಿಯಲ್ಲ. ಯಾಕೆಂದರೆ ಮೈಮೇಲೆ ಚುಕ್ಕೆ ಏಳುವ ರಾಕಿ ಮೌಂಟನ್ ಜ್ವರದ ಬ್ಯಾಕ್ಟೀರಿಯಾ ರಿಕೆಟ್ಸಿಯಾ ಉಣ್ಣಿಯನ್ನೇ ಕೊಲ್ಲಬಲ್ಲದು. ಈ ಜ್ವರ ಉಣ್ಣಿಯಿಂದ ಬರುತ್ತದೆ ಅಂತ 1906ರಲ್ಲಿ ತೋರಿಸಿದವರು ವಿಜ್ಞಾನಿ ಹೊವರ್ಡ್ ರಿಕೆಟ್ಸ್. ಅಮೆರಿಕದ ಮೊಂಟಾನಾ ರಾಜ್ಯದ ಬಿಟರ್‌ರೂಟ್ ಕಣಿವೆಯಲ್ಲಿ ನದಿಯ ಪಶ್ಚಿಮಕ್ಕೆ ಈ ಜ್ವರ ಜನರನ್ನು ಕೊಲ್ಲುತ್ತಿತ್ತು, ಪೂರ್ವದಲ್ಲಿ ಉಣ್ಣಿ ಇದ್ದರೂ ಜ್ವರ ವಿರಳ. ಎಷ್ಟೋ ದಶಕಗಳ ಮೇಲೆ ಕಾರಣ ಸಿಕ್ಕಿತು. ಪೂರ್ವದ ಉಣ್ಣಿಗಳ ಅಂಡಾಶಯದಲ್ಲಿ ಮೊದಲೇ ಇನ್ನೊಂದು ನಿರಪಾಯಕಾರಿ ರಿಕೆಟ್ಸಿಯಾ ಬಿಡಾರ ಹೂಡಿತ್ತು. ಅದು ಇದ್ದಲ್ಲಿ ಅಪಾಯದ್ದು ತಾಯಿಯಿಂದ ಮೊಟ್ಟೆಗೆ ದಾಟಲಾರದು. ಒಂದು ಕಣಿವೆಯ ಜನರ ಸಾವು ಬದುಕು ಉಣ್ಣಿಯ ಹೊಟ್ಟೆಯೊಳಗಿನ ಜಾಗದ ಜಗಳದಲ್ಲಿ ತೀರ್ಮಾನವಾಗುತ್ತಿತ್ತು!

ಉಣ್ಣಿಗೂ ನಮ್ಮ ಬ್ಯಾಕ್ಟೀರಿಯಾದ ಭಯವಿದೆ, ಗೊತ್ತಾ? ನಮ್ಮ ಚರ್ಮದ ಮೇಲೆ ಸುಮ್ಮನೆ ಇರುವ ಸ್ಟ್ಯಾಫಿಲೊಕಾಕಸ್ ಅದರ ಮೈ ಹೊಕ್ಕರೆ ಮಾರಕ. ಅದನ್ನು ಕೊಲ್ಲಲು ಉಣ್ಣಿ ಬಳಸುವ ವಿಷದ ಜೀನ್ ಯಾವುದೋ ಪುರಾತನ ಬ್ಯಾಕ್ಟೀರಿಯಾದಿಂದಲೇ ಬಂದಿದ್ದು. ಆದರೆ ಆ ವಿಷ ಬೊರೇಲಿಯಾಕ್ಕೆ ತಾಗುವುದಿಲ್ಲ.

ಹಾಗಾಗಿ ಬ್ಯಾಕ್ಟೀರಿಯಾದ ಜೊತೆಗೆ ಉಣ್ಣಿಯ ಹೊಟ್ಟೆ ಮತ್ತು ಎಂಜಲಿನ ಮೇಲೂ ನಮ್ಮ ಗಮನ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ. ಹೋಗಿಲ್ಲ ಅಂತಲ್ಲ. 1998ರಲ್ಲಿ ಬಂದ ಲೈಮ್ ಲಸಿಕೆ ಕೆಲಸ ಮಾಡುತ್ತಿದ್ದ ಜಾಗವೇ ವಿಚಿತ್ರ: ಲಸಿಕೆ ಹಾಕಿಸಿಕೊಂಡವರ ರಕ್ತದ ಪ್ರತಿಕಾಯಗಳು ಉಣ್ಣಿಯ ಹೊಟ್ಟೆಗೆ ಇಳಿದು ಬೊರೇಲಿಯಾವನ್ನು ಅಲ್ಲೇ ಮುಗಿಸುತ್ತಿದ್ದವು. ಕೊಳ್ಳುವವರಿಲ್ಲ ಅಂತ 2002ರಲ್ಲಿ ಅದು ಮಾರುಕಟ್ಟೆ ಬಿಟ್ಟಿತು. ಅಂಥ ಜಾಣ ಲಸಿಕೆ ಹಾಗೆ ಹೋಗಿದ್ದು ನನಗೆ ಇವತ್ತಿಗೂ ಹೊಟ್ಟೆ ಉರಿಯುವ ವಿಷಯ. ನಾಯಿಗಳಿಗೆ ಮಾತ್ರ ಲೈಮ್ ಲಸಿಕೆ ಈಗಲೂ ಸಿಗುತ್ತದೆ.

ಅಂದಹಾಗೆ, ಉಣ್ಣಿಗೆ ಬೆಂಕಿಕಡ್ಡಿ ತಾಗಿಸಿ, ಸೀಮೆಎಣ್ಣೆ ಸುರಿಯಿರಿ ಅನ್ನುವ ಸಂದೇಶಗಳನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಹೀರು-ಉಗುಳು ಅನ್ನುವ ಪ್ರಾಣಿಯನ್ನು ಗಾಯದಲ್ಲಿ ಬಾಯಿಟ್ಟಿರುವಾಗಲೇ ಕೆಣಕಿ ಏನು ಪ್ರಯೋಜನ? ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆಯಬೇಕು. ಹೊಟ್ಟೆ ಹಿಸುಕಬಾರದು. ನಾನೂ ಹಾಗೇ ತೆಗೆದೆ.

1939ರಲ್ಲಿ ವಿಜ್ಞಾನಿ ವಿಲಿಯಂ ಟ್ರೇಗರ್ ಗಿನಿಪಿಗ್‌ಗಳಲ್ಲಿ ಒಂದು ಸಂಗತಿ ಗಮನಿಸಿದ್ದರು. ಒಮ್ಮೆ ಉಣ್ಣಿ ಕಚ್ಚಿಸಿಕೊಂಡ ಗಿನಿಪಿಗ್ ಮೇಲೆ ಮತ್ತೆ ಉಣ್ಣಿ ಬಿಟ್ಟರೆ ಅವು ಹೊಟ್ಟೆ ತುಂಬ ಉಣ್ಣಲಾರವು. 2021ರಲ್ಲಿ ವಿಜ್ಞಾನಿಗಳು ಉಣ್ಣಿಯ 19 ಎಂಜಲು ಪ್ರೋಟೀನುಗಳ ಎಂಆರ್‌ಎನ್‌ಎ ಲಸಿಕೆ (ಆ ಪ್ರೋಟೀನುಗಳನ್ನು ದೇಹವೇ ತಯಾರಿಸುವಂತೆ ಮಾಡುವ ಲಸಿಕೆ) ಮಾಡಿ ಗಿನಿಪಿಗ್‌ಗೆ ಕೊಟ್ಟರು. ಉಣ್ಣಿ ಕಚ್ಚಿದ ಜಾಗ ಬೇಗನೆ ಕೆಂಪಗಾಯಿತು, ಉಣ್ಣಿಗಳು ಊಟ ಅರ್ಧಕ್ಕೇ ಬಿಟ್ಟು ಕಳಚಿಕೊಂಡವು. ಇಲಿಗಳಲ್ಲಿ ಇದೇ ಲಸಿಕೆ ಫಲ ಕೊಡಲಿಲ್ಲ. ಬೊರೇಲಿಯಾವನ್ನು ಕಾಡಿನಲ್ಲಿ ಪೋಷಿಸುವುದೇ ಇಲಿಗಳು ಅನ್ನುವುದನ್ನು ನೆನೆದಾಗ ಅದೂ ಅರ್ಥವಾಗುತ್ತದೆ. ಅವುಗಳ ಮೈಯಲ್ಲಿ ಉಣ್ಣಿ ಅಷ್ಟು ನಿಶ್ಚಿಂತೆಯಿಂದ ಊಟ ಮುಗಿಸುತ್ತದೆ.

ಅಂದರೆ ಆ ಲಸಿಕೆ ಹುಡುಕುತ್ತಿರುವುದು ಒಂದು ಕೆಂಪನ್ನು, ಸ್ವಲ್ಪ ತುರಿಕೆಯನ್ನು. ಕಾಲ ಬುಡದಲ್ಲಿ ಮಲಗಿರುವ ಇವನಿಗೆ ಮೊನ್ನೆ ಅದೊಂದು ಬಂದಿದ್ದರೆ ಹಿಂಗಾಲೆತ್ತಿ ಮೊದಲ ದಿನವೇ ಕಿವಿ ಕೆರೆದುಕೊಳ್ಳುತ್ತಿದ್ದ. ಈಗ ಉಣ್ಣಿ ತೆಗೆದು ಎರಡು ದಿನ ಆಯಿತು. ಇವತ್ತು ಬೆಳಿಗ್ಗೆಯಿಂದ ಕೆರೆದುಕೊಳ್ಳುತ್ತಿದ್ದಾನೆ.