ಮೋಟಾರ್ ಹೋಗೇತ್ರೀ

ವಿಜಯಪುರದ ಗಾಂಧಿ ಚೌಕದ ಬಿಸಿಲಿಗೆ ಕಾರು ನಿಲ್ಲಿಸಿ, ಬಾಳೆಹಣ್ಣಿನ ದರ ಕೇಳಲು ಗ್ಲಾಸು ಇಳಿಸಿದಿರಿ ಎನ್ನಿ. ಹಣ್ಣು ಬಂತು, ಚಿಲ್ಲರೆ ಬಂತು, ಗ್ಲಾಸು ಮಾತ್ರ ಮೇಲೆ ಬರಲಿಲ್ಲ. ಗುಂಡಿಯನ್ನು ಎರಡು ಸಲ ಮೆಲ್ಲಗೆ, ಮೂರನೇ ಸಲ ಸಿಟ್ಟಿನಿಂದ ಜಗ್ಗುವಷ್ಟರಲ್ಲಿ ಸುತ್ತ ನಾಲ್ಕು ಮಂದಿ ಕೂಡಿರುತ್ತಾರೆ. ಅವರಲ್ಲಿ ಇಬ್ಬರ ಹತ್ತಿರ ಸೈಕಲ್ಲೂ ಇರುವುದಿಲ್ಲ. ಆದರೂ ನಾಲ್ವರದೂ ಒಂದೇ ತೀರ್ಪು: “ಮೋಟಾರ್ ಹೋಗೇತ್ರೀ ಕಾಕಾ.”

ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ, ಜಾಮೀನೂ ಇಲ್ಲ. ಬಾಗಿಲ ಹೊಟ್ಟೆಯೊಳಗೆ ಕತ್ತಲಲ್ಲಿ ಕೂತು ಗ್ಲಾಸು ಏರಿಸಿ ಇಳಿಸುವ ಆ ಮೋಟಾರಿನಷ್ಟು ಸುಳ್ಳು ಆಪಾದನೆ ಹೊತ್ತ ಭಾಗ ಕಾರಿನಲ್ಲಿ ಇನ್ನೊಂದಿಲ್ಲ. ಹೊಸದು ತಂದು ಕೂಡಿಸಿದ ಮೇಲೂ ಗ್ಲಾಸು ಏರದಿದ್ದರೆ “ಇದೂ ಡುಪ್ಲಿಕೇಟ್ ಇರಬೇಕ್ರೀ” ಎಂಬ ಎರಡನೇ ತೀರ್ಪು ತಯಾರಿರುತ್ತದೆ.

ಕಿಸೆಗೆ ಕೈ ಹಾಕುವ ಮುಂಚೆ ಡ್ರೈವರ್ ಬಾಗಿಲಿನ ಸ್ವಿಚ್ಚುಗಳ ನಡುವೆ ಇರುವ, ಕಿಡಕಿಗೆ ಅಡ್ಡಗೆರೆ ಹೊಡೆದ ಚಿತ್ರದ ಸಣ್ಣ ಗುಂಡಿಯನ್ನೊಮ್ಮೆ ನೋಡಿ. ಡ್ರೈವರ್ ಕಿಡಕಿ ಸರಿ ಇದ್ದು ಉಳಿದ ಮೂರೂ ಅವುಗಳ ಬಾಗಿಲಿನ ಸ್ವಿಚ್ಚಿಗೆ ಅಲುಗದಿದ್ದರೆ, ಹಿಂದಿನ ಸೀಟಿನ ಮೊಮ್ಮಗ ಕಿಡಕಿಯಿಂದ ಕೈ ಹೊರಗೆ ಹಾಕುತ್ತಾನೆಂದು ಜಾತ್ರೆಯ ದಿನ ಯಾರೋ ಅದನ್ನು ಒತ್ತಿ ಮರೆತಿದ್ದಾರೆ ಅಂತಲೇ ಲೆಕ್ಕ. ಮತ್ತೆ ಒತ್ತಿದರೆ ದುರಸ್ತಿ ಮುಗಿಯಿತು. ಗ್ಯಾರೇಜಿನಲ್ಲಿ ಇದನ್ನು ಒತ್ತುವಾಗ ಮಿಸ್ತ್ರಿ ಬೆನ್ನು ತಿರುಗಿಸಿಕೊಂಡು ಒತ್ತುತ್ತಾನೆ, ಯಾಕೆಂದರೆ ಬಿಲ್ಲಿನಲ್ಲಿ ಏನಾದರೂ ಬರೆಯಬೇಕಲ್ಲ.

ಗುಂಡಿ ಸರಿ ಇದ್ದರೆ ಇನ್ನು ಕಿವಿಯ ಕೆಲಸ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ಇರುವ ಊರಿನವರಿಗೆ ಕಿವಿಗೊಡುವುದನ್ನು ಕಲಿಸಬೇಕಿಲ್ಲ. ರಾತ್ರಿ ಸದ್ದಿಲ್ಲದ ಹೊತ್ತಿನಲ್ಲಿ ಇಗ್ನಿಷನ್ ಆನ್ ಮಾಡಿ, ಒಳಗಿನ ಛಾವಣಿ ದೀಪ ಹಚ್ಚಿ, ಬಾಗಿಲಿಗೆ ಕಿವಿ ಕೊಟ್ಟು ಸ್ವಿಚ್ ಒತ್ತಿ. ಮೋಟಾರು ಗರ್ರ್ ಎಂದು ತಿರುಗಿದ ಸದ್ದು ಬಂದು ಗ್ಲಾಸು ಮಾತ್ರ ಮಿಸುಕಲಿಲ್ಲವೆಂದರೆ ಮೋಟಾರಿಗೆ ಏನೂ ಆಗಿಲ್ಲ, ಬಹುತೇಕ ಅದರ ಮುಂದಿನ, ಗ್ಲಾಸು ಎಳೆಯುವ ಕೇಬಲ್ಲೋ ಗ್ಲಾಸು ಹಿಡಿದ ಪ್ಲಾಸ್ಟಿಕ್ ತುಂಡೋ ಮುರಿದಿದೆ. ಸದ್ದಿಲ್ಲ, ಆದರೆ ಒತ್ತಿದಾಗಲೆಲ್ಲ ದೀಪ ತುಸು ಮಂಕಾಗುತ್ತದೆ ಎಂದರೆ ಕರೆಂಟು ಮೋಟಾರಿನವರೆಗೆ ಹೋಗುತ್ತಿದೆ, ಗ್ಲಾಸೋ ಮೋಟಾರೋ ಬಿಗಿದುಕೊಂಡಿದೆ. ಸದ್ದೂ ಇಲ್ಲ, ದೀಪವೂ ಕದಲದು ಎಂದರೆ ಕರೆಂಟು ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿದೆ. ಈ ಮೂರರಲ್ಲಿ ಯಾವುದೆಂದು ಗೊತ್ತಾಗದೆ ಸ್ಪ್ಯಾನರ್ ಹಿಡಿಯಬಾರದು.

ನಾಲ್ಕೂ ಕಿಡಕಿ ಒಮ್ಮೆಗೇ ಮಲಗಿದವೋ? ನಾಲ್ಕು ಮೋಟಾರು ಒಂದೇ ಮುಹೂರ್ತಕ್ಕೆ ಸಾಯುವುದಿಲ್ಲ. ಫ್ಯೂಸ್ ಡಬ್ಬಿ ತೆಗೆದು ಪವರ್ ವಿಂಡೋ ಎಂದು ಬರೆದದ್ದನ್ನು ನೋಡಿ. ಬಹುತೇಕ 20ರಿಂದ 30 ಆಂಪಿಯರಿನದು ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಹಾಕುವ ವಿದ್ಯೆ ನಮ್ಮಲ್ಲಿ ಬಲ್ಲವರು ಬಹಳ. ಅದರಿಂದ ಫ್ಯೂಸು ಉಳಿಯುತ್ತದೆ, ವೈರಿಂಗು ಸುಡುತ್ತದೆ.

ಇಳಿಯುತ್ತದೆ, ಏರುವಾಗ ಮಾತ್ರ ಸದ್ದೇ ಇಲ್ಲ ಎನ್ನುವ ರೋಗವೊಂದಿದೆ. ಇದರಲ್ಲೂ ಮೋಟಾರಿನ ಮೇಲೆಯೇ ಕೇಸು ಹಾಕುತ್ತಾರೆ. ಇಳಿಸುವುದೂ ಅದೇ ಮೋಟಾರು, ಏರಿಸುವುದೂ ಅದೇ. ಹಳೆಯ ಸಾದಾ ವೈರಿಂಗಿನಲ್ಲಿ ಸುಮ್ಮನಿದ್ದಾಗ ಅದರ ಎರಡೂ ವೈರು ಅರ್ಥಿಗೆ, ಅಂದರೆ ಬ್ಯಾಟರಿಯ ಮೈನಸ್ ಕಡೆಗೆ, ಸೇರಿರುತ್ತವೆ. ಏರಿಸುವಾಗ ಒಂದು ವೈರಿಗೆ 12 ವೋಲ್ಟ್, ಇಳಿಸುವಾಗ ಇನ್ನೊಂದಕ್ಕೆ. ಈ ಅದಲು ಬದಲು ಮಾಡುವುದು ಸ್ವಿಚ್ಚು. ಹಾಗಾಗಿ ಒಂದು ಕಡೆಗಷ್ಟೇ ಓಡುವ ಕಿಡಕಿಯಲ್ಲಿ ಮೊದಲು ಹಿಡಿಯಬೇಕಾದ ಕಳ್ಳ ಸ್ವಿಚ್ಚಿನ ಸುಟ್ಟ ಕಾಂಟ್ಯಾಕ್ಟು. ಇಂಥ ವೈರಿಂಗಿನಲ್ಲಿ ಪಕ್ಕದ ಸೀಟಿನ ಕಿಡಕಿಗೆ ಹೋಗುವ ಅರ್ಥು ಡ್ರೈವರ್ ಬಾಗಿಲಿನ ಮಾಸ್ಟರ್ ಸ್ವಿಚ್ಚನ್ನು ಹಾಯ್ದು ಬರುತ್ತದೆ. ಹಲ್ಲು ನೋವು ಎಡಕ್ಕೆ, ಕೀಳಬೇಕಾದದ್ದು ಬಲಕ್ಕೆ.

ಆ ಮಾಸ್ಟರ್ ಸ್ವಿಚ್ಚು ಕೆಡುವುದಕ್ಕೆ ನಮ್ಮ ಕಡೆ ದೊಡ್ಡ ಕಾರಣ ಕಬ್ಬಿನ ಹಾಲು. ಗಾಡಿಯವನು ತುಂಬಿ ತುಳುಕುವ ಗ್ಲಾಸನ್ನು ಕಿಡಕಿಯಿಂದಲೇ ಕೊಡುತ್ತಾನೆ, ತುಳುಕಿದ್ದು ನೇರ ಗುಂಡಿಯ ಸಂದಿಗೆ ಇಳಿಯುತ್ತದೆ. ಒಣಗಿದ ಸಕ್ಕರೆಯ ಕೆಳಗೆ ಹಿತ್ತಾಳೆ ಹಸಿರುಗಟ್ಟುತ್ತದೆ. ಸ್ವಿಚ್ ಬಿಚ್ಚಿ, ವೈರು ಬಂದು ಸೇರುವ ಕಪ್ಲರ್ ಕಳಚಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಇಪ್ಪತ್ತು ಸಲ ಒತ್ತಿ ಬಿಟ್ಟರೆ ಎಷ್ಟೋ ಸ್ವಿಚ್ಚು ಬದುಕುತ್ತವೆ. ಸುಟ್ಟು ಕಪ್ಪಾಗಿದ್ದರೆ ನುಣುಪು ಮರಳು ಕಾಗದದಿಂದ ಒಂದೆರಡು ಎಳೆತ ಸಾಕು. ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರೆ ಕಾಂಟ್ಯಾಕ್ಟಿನ ಮೇಲಿನ ಲೇಪವೇ ಹೋಗುತ್ತದೆ.

ಸ್ವಿಚ್ಚೂ ಸರಿ ಎಂದಾದರೆ ಬಾಗಿಲಿಗೂ ಬಾಡಿಗೂ ನಡುವೆ ಇರುವ ಸುಕ್ಕು ಸುಕ್ಕಾದ ರಬ್ಬರ್ ಕೊಳವೆಗೆ ಬನ್ನಿ. ಬಾಗಿಲು ತೆರೆದು ಹಾಕಿದಾಗಲೆಲ್ಲ ಒಳಗಿನ ವೈರು ಬಾಗುತ್ತವೆ. ಬಾಗಿ ಬಾಗಿ ಒಂದು ದಿನ ಹೊದಿಕೆ ಗಟ್ಟಿಯಿದ್ದಂತೆಯೇ ಒಳಗಿನ ತಾಮ್ರ ಕಡಿದಿರುತ್ತದೆ. ಸ್ವಿಚ್ ಒತ್ತಿ ಹಿಡಿದು ಬಾಗಿಲನ್ನು ನಿಧಾನ ತೆರೆದು ಮುಚ್ಚಿ ನೋಡಿ. ಯಾವುದೋ ಒಂದು ಕೋನಕ್ಕೆ ಗ್ಲಾಸು ಗಕ್ಕನೆ ಏರಿದರೆ ಕಡಿದಿರುವುದು ಇಲ್ಲೇ. ಇಲ್ಲಿ ಮಲ್ಟಿಮೀಟರನ್ನು ಪೂರ್ತಿ ನಂಬಬೇಡಿ. ತಾಮ್ರದ ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟ್ ಎಂದು ಹೇಳಿ ಕೈ ತೊಳೆದುಕೊಳ್ಳುತ್ತದೆ. ಬಾಗಿಲ ಪ್ಯಾಡ್ ಬಿಚ್ಚಿ (ಬಗೆ ಮುಂದಿದೆ), ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದು ಮೋಟಾರಿನಿಂದ ಕಳಚಿದ ಕಪ್ಲರಿಗೆ ಹಚ್ಚಿ ಸ್ವಿಚ್ ಒತ್ತಿ. ಅದಕ್ಕೆ ಸುಮಾರು ಒಂದೂಮುಕ್ಕಾಲು ಆಂಪಿಯರ್ ಬೇಕು, ಅಷ್ಟನ್ನು ಕೊಡಲಾರದ ವೈರು ಆಗಲೇ ಮುಗ್ಗರಿಸಿ ಬಲ್ಬು ಮಂಕಾಗುತ್ತದೆ. ಕಡಿದ ವೈರಿಗೆ ಅಷ್ಟೇ ದಪ್ಪದ, ಬಹಳ ಎಳೆಗಳ ಮೆತ್ತನೆ ವೈರು ಸೇರಿಸಿ ಬೆಸೆಯಿರಿ, ಬೆಸುಗೆ ಬಾಗುವ ಜಾಗದಿಂದ ಆಚೆ ಇರಲಿ, ಮೇಲೆ ಬಿಸಿ ತಾಗಿದರೆ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ಕೊಳವೆ. ತಿರುಚಿ ಟೇಪು ಸುತ್ತಿದ್ದು ನಮ್ಮ ಮೇ ತಿಂಗಳ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಗ್ಲಾಸು ಎಳೆಯುವ ಕೇಬಲ್ ಕಡಿದದ್ದು ಖಾತ್ರಿಯಾದರೂ ಬಾಗಿಲ ಒಳಬದಿಯ ಪ್ಯಾಡ್ ಬಿಚ್ಚದೆ ಗತಿಯಿಲ್ಲ. ಹಿಡಿಕೆಯ ಬಟ್ಟಲಿನೊಳಗೆ ಒಂದು ಸ್ಕ್ರೂ, ಒಳಲಾಕಿನ ಹಿಂದೆ ಒಂದು, ಎರಡಕ್ಕೂ ಮೇಲೆ ಬಿಲ್ಲೆಯಷ್ಟು ಮುಚ್ಚಳ. ಅದು ಕಾಣದೆ ಜಗ್ಗಿದವರ ಕೈಗೆ ಪ್ಯಾಡಿನ ಅರ್ಧ ಬಂದಿದೆ. ಸುತ್ತಲಿನ ಕ್ಲಿಪ್ಪುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಒಂದೊಂದಾಗಿ ಎಬ್ಬಿಸಿ, ಬಳಿಕ ಪ್ಯಾಡನ್ನು ಮೇಲಕ್ಕೆತ್ತಿ. ಹಳೆ ಕ್ಲಿಪ್ಪಿನಲ್ಲಿ ಎರಡಾದರೂ ಮುರಿಯುತ್ತವೆ, ಆರು ಹೊಸವು ಮೊದಲೇ ತಂದಿಟ್ಟುಕೊಳ್ಳಿ. ಒಳಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹರಿದೆಸೆಯಬೇಡಿ. ಗ್ಲಾಸಿನ ಹೊರಬದಿಗೆ ಇಳಿದ ಮಳೆನೀರು ಬಾಗಿಲೊಳಗೆ ಬಂದೇ ಬರುತ್ತದೆ, ಅದನ್ನು ತಳದ ತೂತುಗಳಿಗೆ ಕಳಿಸುವುದೇ ಆ ಹಾಳೆ. ಅದಿಲ್ಲದಿದ್ದರೆ ನೀರು ಕಾಲಡಿಯ ಮ್ಯಾಟಿಗೆ.

ಈಗ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ದೃಶ್ಯವೇ ದೃಶ್ಯ. ಡ್ರಮ್ಮಿಗೆ ಸುತ್ತಿಕೊಂಡಿರಬೇಕಾದ ಉಕ್ಕಿನ ಕೇಬಲ್ಲು ಎಳೆ ಎಳೆಯಾಗಿ ಬಿಚ್ಚಿ ಗುಬ್ಬಿಗೂಡಾಗಿರುತ್ತದೆ. ಎಳೆಗಳು ಸೂಜಿಯಂತೆ ಚುಚ್ಚುತ್ತವೆ, ಕೈಗವಸು ಇರಲಿ. ಗ್ಯಾರೇಜಿನವರು ಮಶೀನ್ ಎಂದು ಕರೆಯುವ, ಮೋಟಾರಿನ ಬಲದಿಂದ ಗ್ಲಾಸನ್ನು ಎತ್ತಿ ಇಳಿಸುವ ಈ ರೆಗ್ಯುಲೇಟರಿನಲ್ಲಿ ಎಷ್ಟೋ ಸಲ ಮೊದಲು ಮುರಿಯುವುದು ಗ್ಲಾಸು ಹಿಡಿದ ಬೆರಳುದ್ದದ ಪ್ಲಾಸ್ಟಿಕ್ ತುಂಡು. ಬರೀ ಅದನ್ನು ಕೇಳಿದರೆ ಅಂಗಡಿಯವನು ಇಡೀ ಮಶೀನು ಮುಂದಿಡುತ್ತಾನೆ. ಗ್ಲಾಸನ್ನು ಮೇಲೆತ್ತಿ, ಅಗಲ ಟೇಪನ್ನು ಚೌಕಟ್ಟಿನ ಮೇಲೆ ಹಾಯಿಸಿ ಎರಡೂ ಬದಿಗೆ ಅಂಟಿಸಿ. ಟೇಪಿನ ಬದಲು “ನೀ ಹಿಡಕೋ ತಮ್ಮಾ” ಎಂದು ಹುಡುಗನ ಕೈಗೆ ಕೊಟ್ಟರೆ, ಅವನ ಫೋನು ರಿಂಗಾದ ಕ್ಷಣ ಗ್ಲಾಸು ಬಾಗಿಲೊಳಗೆ ಬೀಳುತ್ತದೆ. ಆಮೇಲೆ ಗ್ಲಾಸಿನ ಎರಡು ಬೋಲ್ಟು, ಮಶೀನಿನ ನಾಲ್ಕೈದು. ಬಹಳಷ್ಟು ಕಾರಿನಲ್ಲಿ ಎಲ್ಲಕ್ಕೂ 10 ಮಿಲಿಮೀಟರ್ ಸಾಕೆಟ್ಟೇ ಸಾಕು. ಕತ್ತರಿಯಂತೆ ಮಡಚುವ ಮಶೀನಿನಲ್ಲಿ ಸ್ಪ್ರಿಂಗ್ ಇದ್ದರೆ, ಅದರ ತೋಳನ್ನು ಬಿಗಿದು ಕಟ್ಟದೆ ಮೋಟಾರ್ ಬಿಚ್ಚಬಾರದು. ತೋಳು ಬೀಸಿ ಬೆರಳಿಗೆ ಹೊಡೆಯುತ್ತದೆ, ಇದು ತಮಾಷೆಯಲ್ಲ.

ಏರುತ್ತದೆ, ಆದರೆ ಗೋಳಾಡುತ್ತ ಏರುತ್ತದೆ ಎನ್ನುವುದು ವಿಜಯಪುರದ ಮನೆರೋಗ. ಟೋಲಿನಲ್ಲಿ ಫಾಸ್ಟ್ಯಾಗ್ 2021ರಿಂದ ಕಡ್ಡಾಯ, ಇನ್ನು ಗ್ಲಾಸು ಇಳಿಸುವ ಕೆಲಸವಿಲ್ಲ ಅಂದುಕೊಂಡಿದ್ದೆವು. ಯಂತ್ರ ಓದದಿದ್ದಾಗ ಇಳಿಸಿಯೇ ಮಾತಾಡಬೇಕು, ಆಗೊಂದು ಹಿಡಿ ಎರೆಮಣ್ಣಿನ ಧೂಳು ಒಳಗೆ. ಅದು ಗ್ಲಾಸು ಓಡುವ ರಬ್ಬರ್ ಕಾಲುವೆಯಲ್ಲಿ ಕೂತು ಗ್ಲಾಸನ್ನು ಹಿಡಿಯುತ್ತದೆ. ಆಗ ಮನೆಯ ಹಿರಿಯರು ಕೊಬ್ಬರಿ ಎಣ್ಣೆ ತರುತ್ತಾರೆ. ಎರಡು ದಿನ ಗ್ಲಾಸು ಬೆಣ್ಣೆಯಂತೆ ಓಡುತ್ತದೆ. ಮೂರನೇ ದಿನ ಎಣ್ಣೆಯೂ ಮಣ್ಣೂ ಕೂಡಿ ಶೇಂಗಾ ಹಿಂಡಿಗೆ ಎಣ್ಣೆ ಕಲಸಿದ ಹದಕ್ಕೆ ಬಂದಿರುತ್ತವೆ, ರೊಟ್ಟಿ ಒಂದು ಕಡಿಮೆ. ಒದ್ದೆ ಬಟ್ಟೆಯನ್ನು ಚಪ್ಪಟೆ ಕಡ್ಡಿಗೆ ಸುತ್ತಿ ಕಾಲುವೆ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸು ಬೇಕಿರುವುದು ಒಳಗಿನ ಕಬ್ಬಿಣದ ಹಳಿಗೆ, ಬಿಳಿ ಲಿಥಿಯಂ ಗ್ರೀಸು, ಅದೂ ತೆಳ್ಳಗೆ.

ಮೋಟಾರು ನಿಜವಾಗಿಯೂ ಸಾಯುವುದಿಲ್ಲವೇ? ಸಾಯುತ್ತದೆ. ಒಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ಶು ಸವೆದಾಗ ಬಾಗಿಲನ್ನು ಧಪ್ಪೆಂದು ಹಾಕಿದರೆ ಒಮ್ಮೆ ಓಡಿ ಮತ್ತೆ ನಿಲ್ಲುತ್ತದೆ, ಅದು ಕೊನೆಯ ಉಸಿರು. ಮಕ್ಕಳು ಹತ್ತು ಸಲ ಏರಿಸಿ ಇಳಿಸಿದ ಮೇಲೆ ನಿಂತದ್ದು ಮಾತ್ರ ಸಾವಲ್ಲ. ಒಳಗಿನ ಶಾಖದ ರಕ್ಷಣೆ ಕರೆಂಟು ಕಡಿದಿರುತ್ತದೆ, ಕೆಲ ನಿಮಿಷ ಬಿಟ್ಟರೆ ಎದ್ದು ಕೂರುತ್ತದೆ. ಅನುಮಾನವಿದ್ದರೆ ಕಪ್ಲರ್ ಕಳಚಿ, ನಡುವೆ 20 ಆಂಪಿಯರ್ ಫ್ಯೂಸ್ ಇಟ್ಟು ಎರಡೇ ವೈರಿನ ಸಾದಾ ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಡಿ. ವೈರು ಅದಲು ಬದಲು ಮಾಡಿದಾಗ ಎರಡೂ ಕಡೆ ತಿರುಗಿದರೆ ಅದನ್ನು ಗೌರವದಿಂದ ಬಿಡುಗಡೆ ಮಾಡಿ. ಬ್ಯಾಟರಿ ಕಳಚಿ ಹಾಕಿದ್ದರೆ ಒಂದೇ ಒತ್ತಿಗೆ ಏರುವ ಆಟೋ ಗುಣ ಮರೆತಿರಬಹುದು. ಬಹಳಷ್ಟು ಕಾರಿನಲ್ಲಿ ಗ್ಲಾಸು ಪೂರ್ತಿ ಏರಿದ ಮೇಲೂ ಸ್ವಿಚ್ಚನ್ನು ಕೆಲ ಸೆಕೆಂಡು ಹಾಗೇ ಜಗ್ಗಿ ಹಿಡಿದರೆ ನೆನಪು ಬರುತ್ತದೆ.

ಪ್ಯಾಡ್ ಕೂಡಿಸುವ ಮುಂಚೆ ಒಂದು ಸಲ ಪೂರ್ತಿ ಏರಿಸಿ ಇಳಿಸಿ ನೋಡಬೇಕು, ಆಮೇಲೆ ಕ್ಲಿಪ್ಪು, ಸ್ಕ್ರೂ, ಮುಚ್ಚಳ. ಇಷ್ಟೆಲ್ಲ ಮುಗಿಸಿ, ಬಾಗಿಲು ಹಾಕಿ, ಏಸಿ ಹಚ್ಚಿ, ಗ್ಲಾಸು ಏರುವುದನ್ನು ಎರಡು ಸಲ ಕಣ್ತುಂಬ ನೋಡಿ ಇಳಿಯಲು ಹಿಡಿಕೆ ಜಗ್ಗಿದಾಗ ಅದು ಸಡಿಲವಾಗಿ ಕೈಗೆ ಬಂದರೆ ಹೆದರಬೇಡಿ. ಒಳಲಾಕಿನ ಸಣ್ಣ ಕೇಬಲ್ಲನ್ನು ಕೊಂಡಿಗೆ ಸಿಕ್ಕಿಸುವುದು ಮರೆತಿದ್ದೀರಿ. ಗ್ಲಾಸು ಇಳಿಸಿ, ಕೈ ಹೊರಗೆ ಹಾಕಿ, ಹೊರಗಿನ ಹಿಡಿಕೆಯಿಂದ ತೆರೆಯಿರಿ. ಕಿಡಕಿಯಂತೂ ಈಗ ಓಡುತ್ತದಲ್ಲ.