ಸ್ವರ್ಗಕ್ಕೆ ಮೂರು ಗೇಣು, ಮಂಚಕ್ಕೆ ಒಂಬತ್ತೂವರೆ

ಒಂದೇ ಹಾಸಿಗೆಗೆ ಎರಡು ಸಲ ದುಡ್ಡು ತೆತ್ತು ಬಂದವನ ಸಿಟ್ಟು ಒಂದು ವಾರದಲ್ಲಿ ಇಳಿಯುವುದಿಲ್ಲ ಎಂಬುದು ನನಗೆ ಈಗ ಖಚಿತವಾಗಿದೆ. ಮೊದಲ ಸಲ ಕೊಟ್ಟದ್ದು ಅದನ್ನು ಹೊಲಿಸುವುದಕ್ಕೆ, ಎರಡನೆಯ ಸಲ ಕೊಟ್ಟದ್ದು ಅದನ್ನು ಕತ್ತರಿಸುವುದಕ್ಕೆ. ನಡುವೆ ಅದನ್ನು ಕಾರಿನ ನೆತ್ತಿಯ ಮೇಲೆ ಕೂರಿಸಿ ಮಂಡ್ಯದಿಂದ ಮೈಸೂರಿನವರೆಗೆ ಮಾಡಿದ ಮೆರವಣಿಗೆಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಮಗನಿಗೆ ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವ ಹುಡುಗರು ನಮ್ಮ ಬೀದಿಯಲ್ಲೇ ಆರೇಳು ಮಂದಿ ಇದ್ದಾರೆ. ಆದರೆ ಹಾಸ್ಟೆಲಿನಲ್ಲಿದ್ದರೆ ಮಾತ್ರ ಓದು ತಲೆಗೆ ಹತ್ತುತ್ತದೆ ಎಂದು ಮಗ ಹಟ ಹಿಡಿದ. ಇಷ್ಟು ವರ್ಷ ಮನೆಯಲ್ಲಿ ಓದಿದ್ದು ಎಲ್ಲಿಗೆ ಹತ್ತಿತ್ತಪ್ಪ ಎಂದು ನಾನು ಕೇಳುವ ಮೊದಲೇ ಅವನ ತಾಯಿ ಅವನ ಪಕ್ಷ ಸೇರಿಯಾಗಿತ್ತು. ಹಾಸ್ಟೆಲಿನವರು ಎರಡು ಪುಟದ ಪಟ್ಟಿಯೊಂದನ್ನು ಕೊಟ್ಟರು. ಬಕೆಟ್ಟು, ಮಗ್ಗು, ತಟ್ಟೆ, ಲೋಟ, ಬಟ್ಟೆ ಒಣಹಾಕುವ ಹಗ್ಗ, ಎರಡು ಕೀ ಇರುವ ಬೀಗ ಇವನ್ನು ತರಬೇಕು. ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆ ಇವನ್ನು ತರಕೂಡದು. ಕೊನೆಯಲ್ಲಿ, ‘ಹಾಸಿಗೆಯನ್ನು ವಿದ್ಯಾರ್ಥಿಗಳೇ ತರತಕ್ಕದ್ದು’ ಎಂದು ಬರೆದಿತ್ತು. ಬೀಗಕ್ಕೆ ಎಷ್ಟು ಕೀ ಇರಬೇಕೆಂದು ಯೋಚಿಸಿದ ಪುಣ್ಯಾತ್ಮರಿಗೆ ಮಂಚದ ಉದ್ದಗಲ ಬರೆಯಬೇಕೆಂದು ಮಾತ್ರ ತೋಚಿರಲಿಲ್ಲ.

‘ಅದಕ್ಕೇನಂತೆ, ನಾನು ಹೋಗಿ ಅಳೆದುಕೊಂಡು ಬರುತ್ತೇನೆ’ ಎಂದು ಅಣ್ಣ ಹೊರಟ. ಆಗಲೇ ನಾನು ಎದ್ದು ನಿಂತು ಅವನ ಜೇಬಿಗೆ ಟೇಪೊಂದನ್ನು ತುರುಕಬೇಕಾಗಿತ್ತು.

ನಮ್ಮ ಅಣ್ಣ ಲೋಕವನ್ನು ಅಳೆಯುವುದು ಗೇಣಿನಲ್ಲಿ. ನಮ್ಮ ದೇಶದಲ್ಲಿ ಮೀಟರು, ಕಿಲೋಗ್ರಾಮುಗಳನ್ನು ತಂದ ಅಳತೆ ಮತ್ತು ತೂಕಗಳ ಕಾಯಿದೆಯಾದದ್ದು 1956ರಲ್ಲಿ. ಅಣ್ಣ ಹುಟ್ಟಿದ್ದು ಅದಕ್ಕೂ ಮೂರು ವರ್ಷ ಈಚೆಗೆ. ಆದರೂ ಆ ಕಾಯಿದೆಗೂ ತನಗೂ ಸಂಬಂಧವಿಲ್ಲ ಎಂಬಂತೆ ಅವನು ಬದುಕಿಕೊಂಡು ಬಂದಿದ್ದಾನೆ. ಕಬ್ಬಿನ ಸಾಲಿನಿಂದ ಸಾಲಿಗೆ ನಾಲ್ಕು ಗೇಣು ಎಂದರೆ ಒಪ್ಪಬಹುದು. ಫ್ರಿಜ್ಜು ಕೊಳ್ಳಲು ಹೋದಾಗ ಅಂಗಡಿಯ ಹುಡುಗ ಲೀಟರಿನಲ್ಲಿ ವಿವರಿಸುತ್ತಿದ್ದರೆ ಇವನು ಫ್ರಿಜ್ಜಿನ ಪಕ್ಕೆಯ ಮೇಲೆ ಕೈ ಊರಿ, ಹೆಬ್ಬೆರಳು ಕಿರುಬೆರಳುಗಳನ್ನು ಕಂಬಳಿಹುಳುವಿನಂತೆ ನಡೆಸುತ್ತ ಮೇಲಕ್ಕೆ ಹತ್ತಿಸುತ್ತಿದ್ದ. ಆಸ್ಪತ್ರೆಯಲ್ಲಿ ಎತ್ತರವೆಷ್ಟು ಎಂದು ಕೇಳಿದ್ದಕ್ಕೆ ‘ಏಳೂಕಾಲು ಗೇಣು’ ಎಂದು ಗಂಭೀರವಾಗಿ ಉತ್ತರಿಸಿದ್ದರಿಂದ, ಬರೆದುಕೊಳ್ಳುತ್ತಿದ್ದ ನರ್ಸಮ್ಮ ಪೆನ್ನನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು. ಅಳೆಯುವಾಗ ಅವನು ಒಂದು ಕಣ್ಣು ಮುಚ್ಚಿಕೊಳ್ಳುತ್ತಾನೆ. ಮುಗಿದ ಮೇಲೆ ಕೈಯನ್ನು ಒಮ್ಮೆ ಕೊಡವಿ, ತೀರ್ಪು ಹೇಳುವವರ ದನಿಯಲ್ಲಿ ಸಂಖ್ಯೆಯನ್ನು ಹೇಳುತ್ತಾನೆ. ಆ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಸ್ವರ್ಗಕ್ಕೆ ಮೂರೇ ಗೇಣು ಎಂಬ ಮಾತನ್ನು ನಾವೆಲ್ಲ ಆಡುತ್ತೇವಾದರೂ ಯಾರ ಕೈಯ ಗೇಣು ಎಂದು ಇದುವರೆಗೆ ಯಾರೂ ವಿಚಾರಿಸಿದಂತಿಲ್ಲ. ನಾನೂ ವಿಚಾರಿಸಲಿಲ್ಲ.

ಬೆಳಗಿನ ರೈಲಿಗೆ ಹೋದ ಅಣ್ಣ ಮಧ್ಯಾಹ್ನದ ಊಟದ ಹೊತ್ತಿಗೆ ಬಂದು, ‘ಉದ್ದ ಒಂಬತ್ತೂವರೆ ಗೇಣು, ಅಗಲ ನಾಲ್ಕು’ ಎಂದ. ಗೇಣಿಗೆ ಒಂಬತ್ತು ಅಂಗುಲದ ಲೆಕ್ಕದಲ್ಲಿ ಅದು ಏಳು ಅಡಿಯನ್ನೂ ದಾಟುತ್ತದೆಂದು ನನಗೆ ಹೊಳೆಯದೆ ಇರಲಿಲ್ಲ. ಈಗಿನ ಹುಡುಗರು ಎತ್ತರ, ಮಂಚವೂ ಹಾಗೆಯೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಂಡ್ಯದ ಪೇಟೆ ಬೀದಿಯ ಹಿಂದಿನ ಗಲ್ಲಿಯಲ್ಲಿ ಹಾಸಿಗೆ ಹೊಲಿಯುವವರು ಅಳತೆ ಕೇಳಿದವರೇ, ‘ಹುಡುಗ ಅಷ್ಟು ಉದ್ದ ಇದ್ದಾನಾ ಸ್ವಾಮಿ?’ ಎಂದು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಗ ಐದಡಿ ಐದಂಗುಲ ಇದ್ದಾನೆ. ‘ಬೆಳೆಯೋ ಹುಡುಗ ಕಣಪ್ಪ, ನಾಲ್ಕು ವರ್ಷ ಮಲಗಬೇಕು’ ಎಂದು ಅಣ್ಣ ಅವರ ಬಾಯಿ ಮುಚ್ಚಿಸಿದ. ಬೂರುಗದ ಹತ್ತಿ ತುಂಬಿದ, ಏಳು ಅಡಿ ಒಂದೂವರೆ ಅಂಗುಲ ಉದ್ದದ, ಮೂರು ಅಡಿ ಅಗಲದ ಹಾಸಿಗೆ ಮೂರನೆಯ ದಿನ ಮನೆಗೆ ಬಂದು ಇಡೀ ಪಡಸಾಲೆಯನ್ನು ಆಕ್ರಮಿಸಿತು.

ಉಳಿದ ಸಾಮಾನುಗಳ ವಿಷಯದಲ್ಲಿ ಹೇಳುವಂಥದ್ದೇನೂ ಇಲ್ಲ. ನನ್ನ ಹೆಂಡತಿ ಪಟ್ಟಿಯಲ್ಲಿಲ್ಲದ ಹುರಿಗಡಲೆ ಚಟ್ನಿಪುಡಿ, ಕೋಡುಬಳೆ, ಹರಳೆಣ್ಣೆ, ಒಂದು ಹಿಡಿ ಲವಂಗ ಇವುಗಳನ್ನೆಲ್ಲ ಬಕೆಟ್ಟಿನೊಳಗೆ ತುಂಬಿ ಮೇಲೆ ಟವೆಲು ಮುಚ್ಚಿದಳು.

ಭಾನುವಾರ ಬೆಳಿಗ್ಗೆ ಹಾಸಿಗೆಯನ್ನು ಕಾರಿನ ಮೇಲೆ ಹಗ್ಗ ಹಾಕಿ ಕಟ್ಟಿದೆವು. ಹಿಂದೆ ಒಂದಿಷ್ಟು, ಮುಂದೆ ಒಂದಿಷ್ಟು ಚಾಚಿಕೊಂಡಿದ್ದ ಅದು ಊರು ದಾಟುವಷ್ಟರಲ್ಲಿ ಮುಂಗಾಜಿನ ಮೇಲೆ ಸೋಗೆಯಂತೆ ಇಳಿಬಿದ್ದಿತು. ಗಣಂಗೂರಿನ ಟೋಲ್ ಬಂತು. ಅಡ್ಡಗೋಲು ಮೇಲೇಳಲಿಲ್ಲ. ಫಾಸ್ಟ್ಯಾಗಿನಲ್ಲಿ ದುಡ್ಡಿಲ್ಲವೆಂದು ನನ್ನ ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ. ದುಡ್ಡಿತ್ತು, ಆದರೆ ಗಾಜಿನ ಮೇಲ್ಭಾಗದಲ್ಲಿ ಅಂಟಿಸಿದ್ದ ಆ ಚೀಟಿ ಹಾಸಿಗೆಯ ಮರೆಯಲ್ಲಿ ಬೆಚ್ಚಗೆ ಮಲಗಿತ್ತು. ಹಿಂದೆ ನಿಂತ ವಾಹನಗಳೆಲ್ಲ ಒಟ್ಟಿಗೆ ಹಾರನ್ನು ಒತ್ತತೊಡಗಿದವು. ಅಣ್ಣ ನಿಧಾನವಾಗಿ ಇಳಿದು, ಪಂಚೆ ಎತ್ತಿ ಕಟ್ಟಿ, ಮದುಮಗಳ ಸೆರಗನ್ನು ಸರಿಸುವಂತೆ ಹಾಸಿಗೆಯ ಅಂಚನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ‘ಎರಡು ಗೇಣು ಎತ್ತಿದರೆ ಸಾಕೇನ್ರೀ?’ ಎಂದು ಟೋಲಿನ ಹುಡುಗನನ್ನು ಕೇಳಿದ. ಹುಡುಗ ನಗು ತಡೆಯಲಾರದೆ ಮುಖ ತಿರುಗಿಸಿಕೊಂಡ. ಯಂತ್ರ ಕೀಚೆಂದಿತು, ಕೋಲು ಎದ್ದಿತು, ಅಣ್ಣ ಗೆದ್ದವನಂತೆ ಬಂದು ಕುಳಿತ.

ಹಾಸ್ಟೆಲಿನ ಕೋಣೆ ಇಬ್ಬರದು. ಜೊತೆಯ ಹುಡುಗನ ತಂದೆ ಆಗಲೇ ಬಂದಿದ್ದರು. ಪೆಟ್ಟಿಗೆಯಲ್ಲಿ ಸುತ್ತಿ ಬಂದಿದ್ದ ಫೋಮ್ ಹಾಸಿಗೆಯ ಪ್ಲಾಸ್ಟಿಕ್ಕನ್ನು ಅವರು ಕತ್ತರಿಸಿದ್ದೇ ತಡ, ಅದು ಬಾಣಲೆಗೆ ಬಿಟ್ಟ ಪೂರಿಯಂತೆ ತಾನಾಗಿ ಉಬ್ಬಿ ಮಂಚದ ನಾಲ್ಕು ಮೂಲೆಗಳಿಗೂ ಸರಿಯಾಗಿ ಕುಳಿತುಕೊಂಡಿತು. ನಾವು ನಮ್ಮದನ್ನು ಹಾಸಿದೆವು. ಕಾಲಿನ ಕಡೆ ಕಬ್ಬಿಣದ ಬೀರು, ತಲೆಯ ಕಡೆ ಗೋಡೆ. ಒಂದಡಿಗೂ ಮಿಕ್ಕ ಹಾಸಿಗೆ ಹೋಗಲು ದಾರಿ ಕಾಣದೆ ಗೋಡೆಗೆ ಆತು ಹೆಡೆ ಎತ್ತಿ ನಿಂತಿತು. ಅಗಲದಲ್ಲಿ ಉಳಿದ ಅರ್ಧ ಅಡಿ ಪಕ್ಕಕ್ಕೆ ಜಗಲಿಯಂತೆ ಚಾಚಿತು. ಮಲಗಿ ನೋಡು ಎಂದರೆ ಮಗ ಆ ಹೆಡೆಯ ಕೆಳಗೆ ಒರಗಿದ. ಅರ್ಧ ಗಂಟೆಯ ಹಿಂದೆ ಹಾದು ಬಂದ ಶ್ರೀರಂಗಪಟ್ಟಣದ ಗರ್ಭಗುಡಿಯಲ್ಲಿ ಆದಿಶೇಷನ ಮೇಲೆ ಪವಡಿಸಿರುವ ರಂಗನಾಥನಿಗೂ ಇವನಿಗೂ ವ್ಯತ್ಯಾಸವಿದ್ದದ್ದು ಜೀನ್ಸ್ ಪ್ಯಾಂಟಿನಲ್ಲಿ ಮಾತ್ರ. ಬಾಗಿಲಲ್ಲಿ ಹಾದುಹೋಗುತ್ತಿದ್ದ ವಾರ್ಡನ್ನರು ನಿಂತು ನೋಡಿ, ‘ಇದು ಒಬ್ಬರಿಗೋ, ಮನೆಯವರೆಲ್ಲರಿಗೂ ಸೇರಿಯೋ?’ ಎಂದು ಕೇಳಿ ಮುಂದೆ ಹೋದರು. ಮಗ ಮಗ್ಗುಲು ಬದಲಿಸಿದ. ಜಗಲಿ ಕುಸಿದು ನೆಲಕ್ಕೆ ಬಿದ್ದ.

ಜೊತೆಯ ಹುಡುಗನ ತಂದೆ ಸಜ್ಜನರು. ಕೀಗೊಂಚಲಿಗೆ ಕಟ್ಟಿದ್ದ ಪುಟ್ಟ ಉಕ್ಕಿನ ಟೇಪನ್ನು ಎಳೆದು, ‘ಮಂಚ ಆರಡಿಗೆ ಎರಡೂವರೆ ಅಡಿ ಇದೆಯಲ್ಲ ಸಾರ್’ ಎಂದರು. ‘ಇರಲಾರದು, ಆ ಟೇಪು ಎಳೆದೂ ಎಳೆದೂ ಹಿಗ್ಗಿರಬೇಕು’ ಎಂದ ಅಣ್ಣ. ಉಕ್ಕು ಹಿಗ್ಗುವುದಿಲ್ಲವೆಂದು ನಾನು ಸ್ವಲ್ಪ ಜೋರಾಗಿಯೇ ಹೇಳಿ, ಅವನ ಕೈಯನ್ನು ಮೇಜಿನ ಮೇಲೆ ಊರಿಸಿ ಪಕ್ಕದಲ್ಲಿ ಟೇಪು ಹಿಡಿದೆ. ಏಳೂವರೆ ಅಂಗುಲ.

ಇದೇ ಮೈಸೂರಿನ ಮತ್ತೊಂದು ಹಾಸ್ಟೆಲಿಗೆ 1987ರಲ್ಲಿ ನನ್ನನ್ನು ಕರೆತಂದು ಬಿಟ್ಟವನು ಈ ಅಣ್ಣನೇ. ಆಗ ಅಪ್ಪ ಇರಲಿಲ್ಲ. ಹಾಸಿಗೆಯ ಮಾತೇ ಇರದಿದ್ದ ಕಾಲ. ಒಂದು ಜಮಖಾನ, ಒಂದು ದುಪ್ಪಟಿ. ಮಂಚದ ಕೆಳಗೆ ಬಗ್ಗಿ ಗೇಣು ಹಾಕಿ, ‘ಎರಡು ಗೇಣಿಗೆ ಎರಡು ಬೆರಳು ಕಡಿಮೆ’ ಎಂದು ಗೊಣಗುತ್ತ ಹೋದವನು ಶಿವರಾಂಪೇಟೆಯಿಂದ ತಗಡಿನ ಟ್ರಂಕೊಂದನ್ನು ಹೆಗಲ ಮೇಲೆ ಹೊತ್ತು ನಡೆದೇ ಬಂದಿದ್ದ. ತಳ್ಳಿದರೆ ಅದು ಮೇಲೆ ಒಂದು ಬೆರಳಿನಷ್ಟು ಸಂದು ಬಿಟ್ಟು ಸರಾಗವಾಗಿ ಒಳಗೆ ಹೋಯಿತು. ಆಗ ಅವನ ಗೇಣು ಒಂಬತ್ತು ಅಂಗುಲವೇ ಇದ್ದಿರಬೇಕು. ಈಗ ಮೇಜಿನ ಮೇಲೆ ಊರಿದ್ದ ಕೈಯಲ್ಲಿ ಕಿರುಬೆರಳು ಒಳಕ್ಕೆ ಬಾಗಿ ನಿಂತಿತ್ತು. ಎಷ್ಟು ಚಾಚಿದರೂ ನೇರವಾಗಲಿಲ್ಲ. ಗೇಣು ಕುಗ್ಗಿದ್ದು ಅವನಿಗೆ ತಿಳಿದಿಲ್ಲ. ತಿಳಿಯುವುದಾದರೂ ಹೇಗೆ, ಅವನು ಎಲ್ಲವನ್ನೂ ಅಳೆಯುವುದು ಅದರಿಂದಲೇ ಅಲ್ಲವೇ? ನಾನು ಟೇಪನ್ನು ಸುತ್ತಿ ಅವರಿಗೆ ಹಿಂದಿರುಗಿಸಿದೆ.

ಹಾಗೆಂದು ನನ್ನ ಸಿಟ್ಟು ಕರಗಿತೆಂದು ಭಾವಿಸಬೇಡಿ. ಆ ಹಾಸಿಗೆಯನ್ನು ಮತ್ತೆ ಕಾರಿನ ಮೇಲೆ ಏರಿಸಿ, ಮಂಡಿ ಮೊಹಲ್ಲಾದಲ್ಲಿ ಹಾಸಿಗೆ ಹೊಲಿಯುವವರೊಬ್ಬರನ್ನು ಹುಡುಕಿ, ಭಾನುವಾರವೆಂದು ಹೆಚ್ಚು ಕೇಳಿದ ಕೂಲಿಗೆ ಒಪ್ಪಿ, ನಾನ್ನೂರು ರೂಪಾಯಿ ಎಣಿಸಿದವನು ನಾನು. ಮಿಕ್ಕ ಹತ್ತಿಯಲ್ಲಿ ಅವರು ಎರಡು ದಿಂಬು ಮಾಡಿಕೊಟ್ಟರು. ‘ನೋಡಿದೆಯಾ, ದಿಂಬಿನ ದುಡ್ಡು ಉಳಿಯಿತು’ ಎಂದು ಅಣ್ಣ ನನ್ನನ್ನೇ ಅಭಿನಂದಿಸಿದ. ಹೊಲಿಗೆ ಮುಗಿಯುವವರೆಗೆ ದೇವರಾಜ ಮಾರುಕಟ್ಟೆಗೆ ಹೋಗಿ ಅತ್ತಿಗೆಗೆ ಮಲ್ಲಿಗೆ ಕೊಳ್ಳುವಾಗ, ಹೂವಿನವನ ಮೊಳ ಗಿಡ್ಡವೆಂದು ತಕರಾರು ತೆಗೆದು, ತನ್ನ ಮೊಳಕೈಯನ್ನೇ ಮುಂದೆ ಚಾಚಿ ಅಳೆಸಿದ. ಬೆರಳುಗಳು ಬಾಗಿದ್ದರಿಂದ ಹೂವು ಎರಡಂಗುಲ ಕಡಿಮೆಯೇ ಬಂತು. ನ್ಯಾಯವಾದ ಅಳತೆ ಎಂದರೆ ಇದು ಎಂದು ಅಣ್ಣ ತೃಪ್ತನಾದ, ಹೂವಿನವನೂ ತೃಪ್ತನಾದ.

ಇವತ್ತು ಬೆಳಿಗ್ಗೆ ಮಗ ಫೋನು ಮಾಡಿ, ಕಿಟಕಿಯಿಂದ ಬಿಸಿಲು ನೇರವಾಗಿ ಮುಖಕ್ಕೆ ಬೀಳುವುದರಿಂದ ಪರದೆ ಬೇಕು ಎಂದ. ಟೇಪು ಹಿಡಿದು ಅಳತೆ ಕಳುಹಿಸು ಎಂದೆ. ಮಂಚ ಅಳೆಯಲು ಬಂದ ದಿನವೇ ದೊಡ್ಡಪ್ಪ ಕಿಟಕಿಯನ್ನೂ ಅಳೆದುಕೊಂಡು ಹೋಗಿದ್ದಾರಂತೆ, ನಿನ್ನೆ ರಾತ್ರಿಯೇ ಅವರಿಗೆ ಹೇಳಿಯಾಗಿದೆಯಂತೆ. ಫೋನಿಟ್ಟವನೇ ಅಣ್ಣನಿಗೆ ಮಾಡಿದೆ. ಅತ್ತಿಗೆ ಎತ್ತಿಕೊಂಡರು.

‘ಅವರು ಫೋನು ಮನೆಯಲ್ಲೇ ಬಿಟ್ಟು ಪೇಟೆ ಬೀದಿಗೆ ಹೋದರಲ್ಲಪ್ಪ, ಪರದೆ ಬಟ್ಟೆ ಹರಿಸೋದಕ್ಕೆ.’